ಕಾಲುವೆಗೆ ಸಾಲದ ಕಡ್ಡಿ

ಗದ್ದೆಗೆ ನೀರು ಬಿಟ್ಟಿದ್ದರಿಂದ ತಾಯಿ ಇಲಿ ತನ್ನ ಮರಿಯೊಡನೆ ಬಿಲ ಬಿಟ್ಟು ಹೊರಟಿತು. ದಾರಿಗೆ ಕಾಲುವೆ ಅಡ್ಡ ಬಂತು. ಮರಿ ಒಂದು ಕಡ್ಡಿ ತಂದು ಅಡ್ಡಲಾಗಿ ಇಟ್ಟಿತು; ಅದು ಆಚೆ ದಡಕ್ಕೆ ಎಟುಕಲಿಲ್ಲ.

“ಮಗಳನ್ನು ಹೊತ್ತುಕೊಂಡು ನೆಗೆಯಬಾರದೇ?” ಎಂದು ದಡದಲ್ಲಿ ಕೂತಿದ್ದ ಕಪ್ಪೆಯೊಂದು ತಾಯಿ ಇಲಿಯನ್ನು ಕೇಳಿತು.

“ನೆಗೆಯಬಲ್ಲೆ. ಆದರೆ ನಾನಿಲ್ಲದ ದಿನವೂ ಇವಳು ದಾಟಬೇಕು. ಗದ್ದೆಯ ನೀರು ಇಲ್ಲಿಗೆ ಬರಲು ಇನ್ನೂ ಹೊತ್ತಿದೆ,” ಎಂದಿತು ತಾಯಿ.

“ಅಮ್ಮಾ, ಇದಕ್ಕಿಂತ ಉದ್ದದ ಕಡ್ಡಿ ಎಲ್ಲೂ ಇಲ್ಲ!” ಎಂದು ಮರಿ ಅತ್ತಿತು.

“ಕಡ್ಡಿ ಬೆಳೆಯದು, ನಿಜ. ಕಾಲುವೆ ಎಲ್ಲ ಕಡೆಯೂ ಇಷ್ಟೇ ಅಗಲವೇ?”

ಮರಿ ಕಣ್ಣೊರೆಸಿಕೊಂಡು, ಕಡ್ಡಿಯಿಂದ ಅಳೆಯುತ್ತ ದಡದುದ್ದಕ್ಕೂ ನಡೆಯಿತು. ಹಲವು ಕಡೆ ಸಾಲಲಿಲ್ಲ, ಮರಿ ಬಿಡಲಿಲ್ಲ. ಕೊನೆಗೊಂದು ತಿರುವಿನಲ್ಲಿ ಕಡ್ಡಿಯ ತುದಿ ಆಚೆ ದಡದ ಮೇಲೆ ಕೂತಿತು. ದಾಟಿದ ಮರಿ ತಿರುಗಿ ನಿಂತು ಕೂಗಿತು:

“ನೀನೂ ಬಾ ಅಮ್ಮಾ, ನಾನು ಕಡ್ಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ!”