ಗಡಿಯಾರ ಉಳಿಸಿದ ಹೊತ್ತು

ಪಂಕಜಾಕ್ಷಮ್ಮನವರ ದೋಸೆಹಿಟ್ಟಿನ ಕಾರ್ಖಾನೆಯಲ್ಲಿ ಗೋಡೆ ಗಡಿಯಾರದ ಮಾತೇ ಮಾತು. ಮೊದಲೆಲ್ಲ ಅಕ್ಕಿ ಮೂಟೆಗಳು ರಾಶಿ ಬಿದ್ದು ಹುಳ ಹಿಡಿಯುತ್ತಿದ್ದವು. ಆಯಾ ದಿನಕ್ಕೆ ಬೇಕಾದಷ್ಟೇ ತರಿಸುವ ಪದ್ಧತಿ ಹಾಕಿಸಿದ್ದು ಗಡಿಯಾರವೇ. ಹಿಟ್ಟಿನ ರುಚಿ ಏರಿತು, ಅದರ ಜೊತೆಗೆ ಗಡಿಯಾರದ ಬಿಗುಮಾನವೂ ಏರಿತು.

ಒಂದು ಸಂಜೆ ಅದರ ಕಣ್ಣು ಮೂಲೆಯ ಕೊಪ್ಪರಿಗೆಯ ಮೇಲೆ ಬಿತ್ತು. ರುಬ್ಬಿದ ಹಿಟ್ಟು ತುಂಬಿಕೊಂಡು ಕೊಪ್ಪರಿಗೆ ಸುಮ್ಮನೆ ಕೂತಿತ್ತು.

"ಇಲ್ಲಿ ಎಲ್ಲರೂ ದುಡಿಯುತ್ತಿದ್ದಾರೆ. ಬೆಳಗಿನವರೆಗೆ ನೀನೇನು ಮಾಡುತ್ತೀಯ?" ಎಂದು ಗಡಿಯಾರ ಗದರಿತು.

"ಹಿಟ್ಟಿಗೆ ಹುಳಿ ಬರಿಸುತ್ತೇನೆ, ಸ್ವಾಮಿ."

"ಅದಕ್ಕೆ ಕಾಯುವುದು ಎನ್ನುತ್ತಾರೆ. ಕಾಯುವ ಹೊತ್ತೆಲ್ಲ ದಂಡ."

"ಮುಳ್ಳು ಓಡಿದರೆ ಮಾತ್ರ ಕೆಲಸವೇ? ನನ್ನದು ಒಳಗೊಳಗೇ ನಡೆಯುತ್ತದೆ" ಎಂದಿತು ಕೊಪ್ಪರಿಗೆ.

ಗಡಿಯಾರ ಕಿವಿಗೆ ಹಾಕಿಕೊಳ್ಳಲಿಲ್ಲ. ಅದರ ಮಾತು ನಂಬಿ ಪಂಕಜಾಕ್ಷಮ್ಮ, ಹಿಟ್ಟನ್ನು ರುಬ್ಬಿದ ಕೂಡಲೇ ಪ್ಯಾಕೆಟ್ಟಿಗೆ ತುಂಬಿಸಿ ಅಂಗಡಿಗಳಿಗೆ ಕಳಿಸಿಬಿಟ್ಟರು.

ಮರುದಿನ ಆಟೋ ತುಂಬ ಪ್ಯಾಕೆಟ್ಟುಗಳು ವಾಪಸು ಬಂದವು. ಎಲ್ಲವೂ ದಿಂಬಿನಂತೆ ಊದಿದ್ದವು. ಒಂದಂತೂ ಅಂಗಡಿಯವನ ಕೈಯಲ್ಲೇ ಒಡೆದು ಅವನ ಅಂಗಿಯನ್ನೆಲ್ಲ ತೋಯಿಸಿತ್ತಂತೆ. ಪಂಕಜಾಕ್ಷಮ್ಮ ತಲೆಯೆತ್ತಿ ಗಡಿಯಾರವನ್ನು ದುರುಗುಟ್ಟಿ ನೋಡಿದರು.

"ನೀವು ಉಳಿಸಿದ ಹೊತ್ತು ಎಲ್ಲಿಗೂ ಹೋಗಿಲ್ಲ, ಸ್ವಾಮಿ. ಆ ಪ್ಯಾಕೆಟ್ಟುಗಳ ಒಳಗೇ ಇದೆ" ಎಂದಿತು ಖಾಲಿ ಕೊಪ್ಪರಿಗೆ.

ಅಂದು ಸಂಜೆ ಕೊಪ್ಪರಿಗೆ ಮತ್ತೆ ತುಂಬಿತು. ಹಿಟ್ಟು ಮೊಗೆಯಲು ಸೌಟು ಅವಸರದಿಂದ ಬಂದಾಗ, ಎಲ್ಲರಿಗಿಂತ ಮೊದಲು ಗೋಡೆಯ ಮೇಲಿಂದ ಗಡಿಯಾರ ಕೂಗಿತು:

"ಮುಟ್ಟಬೇಡ! ಅದು ಕೆಲಸದಲ್ಲಿದೆ."