ಗಿರಿಮಲ್ಲನ ಭಯ ಬಲ್ಲವನು

ಪೂಜ್ಯ ಸಾತವ್ವೆ ತಾಯಿಯವರಿಗೆ ಮಠವಿರಲಿಲ್ಲ, ಪೀಠವಿರಲಿಲ್ಲ. ಕೋಟೆಗೆ ಹೋಗುವ ಹಾದಿಯಲ್ಲಿ ಒಂದು ಹೊಂಗೆಮರ, ಅದರಡಿ ಗರಿ ಹೊದಿಸಿದ ಅರವಟ್ಟಿಗೆ, ನಾಲ್ಕು ಮಣ್ಣಿನ ಹರವಿ. ತಾಯಿಯವರ ಆಶ್ರಮವೆಂದರೆ ಅಷ್ಟೇ. ತಾವೇ ಬಾವಿಯಿಂದ ನೀರು ಸೇದಿ ತಂದು ದಾರಿಹೋಕರ ಬೊಗಸೆಗೆ ಎರೆಯುತ್ತಿದ್ದರು. ಜಾತಿ ಕೇಳುತ್ತಿರಲಿಲ್ಲ, ಊರು ಕೇಳುತ್ತಿರಲಿಲ್ಲ. ಪವಾಡ ಬೇಕೆನ್ನುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಈ ಪ್ರಸಂಗದಲ್ಲಿ ಅದಿಲ್ಲ. ತಾಯಿಯವರು ಆಡಿದ ನಾಲ್ಕು ಮಾತುಗಳಿವೆ. ನಮ್ಮಂಥವರಿಗೆ ಅಷ್ಟು ಸಾಕು.

ಆ ಹಾದಿಯಲ್ಲಿ ದಿನವೂ ಆನೆಯ ಮೇಲೆ ಹೋಗಿಬರುತ್ತಿದ್ದವನು ಮಾವುತ ಕಾಟಯ್ಯ. ಅರಸನ ಹತ್ತು ಯುದ್ಧದಾನೆಗಳಲ್ಲಿ ಎಲ್ಲಕ್ಕಿಂತ ಮುಂದೆ ನಡೆಯುತ್ತಿದ್ದ ಗಿರಿಮಲ್ಲ ಅವನ ಆನೆ. ಮುಂದಿನ ಆನೆಯ ಮಾವುತನಿಗೆ ಮಾತ್ರ ಕೆಂಪು ಮುಂಡಾಸು ಸುತ್ತುವ ಮರ್ಯಾದೆ. ಕಾಟಯ್ಯನಿಗೋ ಆ ಮುಂಡಾಸು ಕಟ್ಟಿದ ಮೇಲೆ ನೆಲವೇ ಕಾಣುತ್ತಿರಲಿಲ್ಲ! "ಏನವ್ವಾ, ನೀನು ದಿನವೆಲ್ಲ ಹಂಚೋ ನೀರು ನಮ್ಮ ಮಲ್ಲನ ಗಂಟಲು ನೆನೆಯೋಕೂ ಸಾಲದು. ಇದರಲ್ಲಿ ಎಂಥಾ ಪುಣ್ಯ?" ಎಂದು ಮೇಲಿನಿಂದಲೇ ನಗುತ್ತಿದ್ದ. ತಾಯಿಯವರೂ ನಗುತ್ತಿದ್ದರು.

ಅವನ ಗರ್ವಕ್ಕೆ ಕಾರಣವಿರಲಿಲ್ಲವೆಂದಲ್ಲ. ಗಿರಿಮಲ್ಲ ಹಣೆಯಿಂದ ಗುದ್ದಿ ಎರಡು ಕೋಟೆಗಳ ಬಾಗಿಲು ಮುರಿದಿತ್ತು. ಆನೆಯ ವಾಸನೆ ಬಡಿದರೆ ಸಾಕು, ವೈರಿಗಳ ಕುದುರೆಗಳು ಸವಾರರನ್ನು ಕೆಡವಿ ಓಡುತ್ತಿದ್ದವು. ಬೆನ್ನ ಮೇಲೆ ಕುಳಿತ ಬಿಲ್ಲುಗಾರರಿಗೆ ಇಡೀ ರಣರಂಗ ಕಾಣುತ್ತಿತ್ತು. ಆದರೆ ಅಂಥ ಬಲ ಹೆದರಿ ಹಿಂದಕ್ಕೆ ತಿರುಗಿತೋ, ನಮ್ಮವರು ಪರರು ಎಂಬುದು ಅದಕ್ಕೆ ತಿಳಿಯದು. ಅದಕ್ಕೇ ಪ್ರತಿ ಮಾವುತನ ಸೊಂಟದಲ್ಲಿ ಒಂದು ಉಳಿ, ಒಂದು ಕೊಡತಿ ಇರುತ್ತಿದ್ದವು. ಆನೆ ತನ್ನ ದಂಡಿನ ಮೇಲೇ ನುಗ್ಗಿದರೆ, ಅದರ ಕುತ್ತಿಗೆಗೆ ಉಳಿಯಿಟ್ಟು ಹೊಡೆದು ಅಲ್ಲೇ ಕೆಡವಬೇಕು. ಸಾಕಿದ ಕೈಗೇ ಆ ಕೆಲಸ ಒಪ್ಪಿಸಿದ್ದರು.

ಆ ವರ್ಷ ನೆರೆಯ ಅರಸನೊಡನೆ ಯುದ್ಧವಾಯಿತು. ವೈರಿಗಳು ಎಣ್ಣೆಯಲ್ಲಿ ಅದ್ದಿದ ಹುಲ್ಲಿನ ಕಟ್ಟುಗಳಿಗೆ ಬೆಂಕಿ ಹಚ್ಚಿ ಎದುರಿಗೆ ಉರುಳಿಸಿದರು. ಗಿರಿಮಲ್ಲ ಘೀಳಿಟ್ಟು ಹಿಂದಿರುಗಿತು. ಅದರ ಕಾಲ್ತುಳಿತಕ್ಕೆ ಹನ್ನೊಂದು ಮಂದಿ ಸ್ವಂತ ಸೈನಿಕರು ಪ್ರಾಣಬಿಟ್ಟರು.

ಮೂರನೆಯ ದಿನ ನಡುಮಧ್ಯಾಹ್ನ ಕಾಟಯ್ಯ ಬರಿಗಾಲಲ್ಲಿ ಅರವಟ್ಟಿಗೆಗೆ ಬಂದು ಕುಸಿದು ಕುಳಿತ.

"ತಾಯೀ, ಇವತ್ತು ಹೊತ್ತು ಇಳಿಯೋದ್ರೊಳಗೆ ಮಲ್ಲನನ್ನ ಈಟಿಯಿಂದ ತಿವಿದು ಕೊಲ್ತಾರಂತೆ. ಸ್ವಾಮಿದ್ರೋಹಿ ಆನೆ ಅಂತ ದಳವಾಯಿಗಳು ತೀರ್ಪು ಕೊಟ್ಟವ್ರೆ. ಒಂದು ಚಿಟಿಕೆ ವಿಭೂತಿ ಕೊಡಿ. ನರಳದೆ ಹೋಗ್ಲಿ."

ತಾಯಿಯವರು ವಿಭೂತಿ ಕೊಡಲಿಲ್ಲ. "ಯಾಕಪ್ಪಾ ತಿರುಗಿತು ಅದು?" ಎಂದು ಕೇಳಿದರು.

"ಬೆಂಕಿ, ತಾಯಿ. ಮರಿಯಾಗಿದ್ದಾಗ ಕಾಡುಗಿಚ್ಚಿಗೆ ಸಿಕ್ಕಿತ್ತು. ಒಲೆಯ ಉರಿ ಕಂಡ್ರೂ ನಡುಗುತ್ತೆ."

"ದಳವಾಯಿಗಳಿಗೆ ಗೊತ್ತಿತ್ತೇ?"

ಕಾಟಯ್ಯ ನೆಲ ನೋಡುತ್ತ ಹೇಳಿದ: "ಹೇಳಿದ್ರೆ ಹಿಂದಿನ ಸಾಲಿಗೆ ಹಾಕ್ತಿದ್ರು. ಮುಂಡಾಸು ಹೋಗ್ತಿತ್ತು. ಹೆದರಿಕೆ ಅಡಗ್ಲಿ ಅಂತ ಯುದ್ಧಕ್ಕೆ ಮುಂಚೆ ಒಂದು ಮಡಕೆ ಹೆಂಡ ಕುಡಿಸೋ ಕಡೆ ಮೂರು ಕುಡಿಸಿದೆ. ಕಡೆಗೆ ನನ್ನ ದನೀನೂ ಅದಕ್ಕೆ ಗುರುತು ಸಿಗ್ಲಿಲ್ಲ. ಉಳಿ ಕೈಯಲ್ಲೇ ಇತ್ತು ತಾಯಿ, ಹೊಡೆಯೋಕೆ ಕೈ ಬರ್ಲಿಲ್ಲ."

ಈ ಮಾತು ಬರೆಯುವಾಗ ನನಗೆ ಅವನ ಮೇಲೆ ಕೋಪ ಬರುತ್ತದೆ, ಏನು ಮಾಡಲಿ! ತಾಯಿಯವರು ಕೋಪಿಸಿಕೊಳ್ಳಲಿಲ್ಲ.

"ಆ ಭಯ ಅದಕ್ಕೆ ಗೊತ್ತಿತ್ತು, ನಿನಗೆ ಗೊತ್ತಿತ್ತು," ಎಂದರು. "ಬಾಯಿ ಇದ್ದದ್ದು ಯಾರಿಗೆ, ಮಗನೇ?"

"ಹೇಳಿದ್ರೆ ನನ್ನ ತಲೆ ಹೋಗುತ್ತೆ, ತಾಯಿ."

ತಾಯಿಯವರು ಹರವಿಯಿಂದ ನೀರು ಮೊಗೆದು ಅವನ ಬೊಗಸೆಗೆ ಎರೆದರು. "ಕುಡಿ. ಒಣಗಿದ ಗಂಟಲಲ್ಲಿ ಮಾತು ಹೊರಡೋದಿಲ್ಲ."

ಅವನು ಕುಡಿದ. ಎದ್ದು ಕೋಟೆಯ ಕಡೆಗೆ ಓಡಿದ.

ಬಯಲಲ್ಲಿ ಗಿರಿಮಲ್ಲನ ನಾಲ್ಕೂ ಕಾಲಿಗೆ ಸರಪಳಿ ಬಿಗಿದಿದ್ದರು. ಮೊದಲ ಈಟಿ ಎಸೆಯುವ ಹಕ್ಕು ಸತ್ತವರ ಮನೆಯವರದೆಂದು ಲಕ್ಕಯ್ಯ ಎಂಬ ಮುದುಕನ ಕೈಗೆ ಈಟಿ ಕೊಟ್ಟಿದ್ದರು. ಅವನ ಒಬ್ಬನೇ ಮಗ ಆ ಹನ್ನೊಂದು ಮಂದಿಯಲ್ಲಿದ್ದ. ಕಾಟಯ್ಯ ಆನೆಗೂ ಈಟಿಗೂ ನಡುವೆ ಹೋಗಿ ನಿಂತು, ಮುಂಡಾಸು ತೆಗೆದು ದಳವಾಯಿಗಳ ಕಾಲ ಬಳಿ ಇಟ್ಟು, ಕಾಡುಗಿಚ್ಚಿನಿಂದ ಮೂರು ಮಡಕೆ ಹೆಂಡದವರೆಗೆ ಒಂದನ್ನೂ ಬಚ್ಚಿಡದೆ ಹೇಳಿದ. "ದ್ರೋಹ ನನ್ನದು, ಆನೇದಲ್ಲ," ಎಂದ.

ದಳವಾಯಿಗಳು ಲಕ್ಕಯ್ಯನ ಮುಖ ನೋಡಿದರು. "ನನ್ನ ಮಗ ಯಾಕೆ ಸತ್ತ ಅಂತ ಮೂರು ದಿನದಿಂದ ಕೇಳ್ತಾ ಇದ್ದೀನಿ," ಎಂದ ಅವನು. "ಎಲ್ಲರೂ ಹಣೆಬರಹ ಅಂದ್ರು. ಇವನೊಬ್ಬ ನಿಜ ಹೇಳಿದ. ಇವನನ್ನ ಕ್ಷಮಿಸಲಾರೆ. ಆದ್ರೆ ಇವನ ಮೇಲೆ ಇದನ್ನ ಎಸೆಯೋಕೆ ನನ್ನ ಕೈಲಾಗದು." ಈಟಿಯನ್ನು ನೆಲಕ್ಕಿಟ್ಟು ಅಲ್ಲೇ ಕುಳಿತುಬಿಟ್ಟ.

ಮರುವಾರ ಮತ್ತೆ ದಂಡು ಹೊರಡುವುದಿತ್ತು. ದಳವಾಯಿಗಳು ಉಳಿದ ಒಂಬತ್ತು ಮಾವುತರತ್ತ ತಿರುಗಿ ಕೇಳಿದರು, "ನಿಮ್ಮ ಆನೆಗಳು ಯಾವುದಕ್ಕೆ ಹೆದರುತ್ತವೆ?" ಒಬ್ಬ, "ನನ್ನದಕ್ಕೆ ರಣಭೇರಿ ಆಗೋದಿಲ್ಲ, ಬುದ್ಧಿ," ಎಂದ. ಇನ್ನೊಬ್ಬ, ಸೊಂಡಿಲಿಗೆ ಗಾಯವಾದಂದಿನಿಂದ ತನ್ನ ಆನೆ ಕತ್ತಿಯ ಹೊಳಪು ಕಂಡರೆ ಕಣ್ಣು ಮುಚ್ಚುತ್ತದೆ ಎಂದ. ಮತ್ತೊಬ್ಬನ ಆನೆಗೆ ಒಂದು ಕಣ್ಣೇ ಕಾಣುತ್ತಿರಲಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಹೇಳಿದರು. ದಳವಾಯಿಗಳು ಕೇಳಿಸಿಕೊಂಡು ಅರಸನ ಬಳಿಗೆ ಹೋದರು. ಮರುವಾರ ದಂಡು ಹೊರಡಲಿಲ್ಲ, ಸಂಧಾನಕ್ಕೆ ದೂತರು ಹೊರಟರು.

ಗಿರಿಮಲ್ಲನನ್ನು ಕಾಡಿನಲ್ಲಿ ಮರ ಎಳೆಯುವ ಕೆಲಸಕ್ಕೆ ಕಳಿಸಿದರು. ಕಾಟಯ್ಯ ಇನ್ನೆಂದೂ ಆನೆಯ ಮೇಲೆ ಕೂರಕೂಡದೆಂದು ಆಜ್ಞೆಯಾಯಿತು. ಅವನು ತಾಯಿಯವರಲ್ಲಿಗೆ ಬಂದು ಅಡ್ಡಬಿದ್ದು, "ನಿಮ್ಮ ಪಾದದಲ್ಲೇ ಇರ್ತೀನಿ, ನೀರು ಹೊರ್ತೀನಿ," ಎಂದು ಅತ್ತ.

"ಇಲ್ಲಿ ನನಗೆ ಕೈಕಾಲು ಗಟ್ಟಿ ಇವೆ," ಎಂದರು ತಾಯಿಯವರು. "ನೀನು ಹೋಗಬೇಕಾದ ಮನೆ ಹನ್ನೊಂದಿವೆ."

ಕಾಟಯ್ಯ ಹೋದ. ಬಾಗಿಲು ಬಾಗಿಲಿಗೆ ನಿಂತು, ನಿಮ್ಮವರು ನನ್ನ ಮುಂಡಾಸಿಗಾಗಿ ಸತ್ತರು ಎಂದು ತನ್ನ ಬಾಯಿಂದಲೇ ಹೇಳಿದ. ಕೆಲವರು ಬೈದರು, ಒಬ್ಬಾಕೆ ಹಿಡಿಮಣ್ಣು ತೂರಿದಳು. ಮೂರು ಮನೆಯವರು ಬಾಗಿಲನ್ನೇ ತೆರೆಯಲಿಲ್ಲ. ಮುಚ್ಚಿದ ಆ ಬಾಗಿಲುಗಳ ಮುಂದೆಯೂ ಅವನು ಕೈಮುಗಿದು ನಿಂತು, ಒಳಗಿನವರಿಗೆ ಕೇಳಿಸುವಷ್ಟು ಗಟ್ಟಿಯಾಗಿ, ಪೂರ್ತಿ ಹೇಳಿದ.