ಶಿವನಂಜ ಫ್ರಿಜ್ಜು ಇಳಿಸಿದ್ದು

ಕೇಳ್ರಪ್ಪಾ, ನಗೋರು ಆಮೇಲೆ ನಗಿ, ಮೊದಲು ನನ್ನ ಜೊತೆ ಒಂಚೂರು ಸಿಟ್ಟು ಮಾಡ್ಕೊಳ್ಳಿ. ನಂಜನಗೂಡಲ್ಲಿ ದೊಡ್ಡತಾಯಮ್ಮ ಅಂತ ಒಬ್ಬಳು. ಕಂಡವರ ಮನೆ ಒಲೆ ಮುಂದೆ ಬೆಂದು ಬೆಂದು ಸಾಕಾಗಿತ್ತು ಅವಳಿಗೆ. ತನ್ನ ಮನೆಯ ನೆಲಮಾಳಿಗೆ ತಣ್ಣಗಿದೆ, ಅಲ್ಲೇ ದೋಸೆ ಹಿಟ್ಟು ಮಾಡಿ ಮಾರೋಣ ಅಂತ ಗ್ರೈಂಡರು, ಅಕ್ಕಿ ಬೀಸೋ ಮಿಷನ್ನು, ದೊಡ್ಡ ಫ್ರಿಜ್ಜು ತರಿಸಿದಳು. ಅವನ್ನೆಲ್ಲ ಕೆಳಗಿಳಿಸೋಕೆ ಇದ್ದೋನು ಒಬ್ಬನೇ ಮಗ, ಶಿವನಂಜ. ಮೈಯಲ್ಲಿ ಕೋಣನ ಬಲ. ತಲೆಯಲ್ಲಿ? ಅದನ್ನೇ ಹೇಳ್ತೀನಿ.

"ಮೆಟ್ಟಿಲ ಬಾಗಿಲು ಗಿಡ್ಡ ಕಣೋ, ತಲೆ ಬಗ್ಗಿಸ್ಕೊಂಡು ಹೋಗು," ಅಂದಳು ಅವ್ವ.

ಗ್ರೈಂಡರು ಎತ್ತಿಕೊಂಡ, ತಲೆ ಬಗ್ಗಿಸಿದ, ನಡೆದ. ಬಾಗಿಲು ಮುಚ್ಚಿತ್ತು. ಬಗ್ಗಿಸಿದ ತಲೆಗೆ ಅದೆಲ್ಲಿ ಕಾಣಬೇಕು? ದಢಾರ್! ಗ್ರೈಂಡರಿನ ಮುಚ್ಚಳ ಚೂರುಚೂರು.

"ಅಯ್ಯೋ ಮುಟ್ಠಾಳ! ಮೊದಲು ಬಾಗಿಲು ತೆಗೀಬೇಕು ಕಣೋ, ಬಾಗಿಲು!"

"ಹೂಂ ಕಣವ್ವ, ಇನ್ಮೇಲೆ ತೆಗೀತೀನಿ."

ತೆಗೆದ. ಹಾರೆ ಹಾಕಿ ಮೀಟಿ, ಕೀಲು ಕಿತ್ತು, ಬಾಗಿಲನ್ನೇ ತೆಗೆದ! ಹೆಗಲ ಮೇಲೆ ಹೊತ್ತು ಹಿತ್ತಲಿಗೆ ಸಾಗಿಸಿದ. ಅಕ್ಕಿ ಮಿಷನ್ನೋ, ಚಕ್ರದ್ದು, ಮೆಟ್ಟಿಲ ಅಂಚಲ್ಲಿ ನಿಂತಿತ್ತು. ಹಿಡಿಯೋರಿಲ್ಲ. ಉರುಳಿತು ನೋಡಿ, ದಡ ದಡ ದಡ! ಕೆಳಗೆ ಹೋಗಿ ನೋಡಿದರೆ ಬರೀ ತಗಡು.

"ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಹಗ್ಗ ಕಟ್ಟಿ ಹಿಡ್ಕೋಬೇಕು ಕಣೋ! ಮೆಟ್ಟಿಲು ಮೆಟ್ಟಿಲಾಗಿ ಇಳಿಸ್ಬೇಕು! ನಾನು ಬಿಡು ಅಂದ್ರೆ ಬಿಡು, ಅಲ್ಲೀವರೆಗೂ ಕೈ ಬಿಟ್ಟೀಯ, ಜೋಕೆ!"

"ಆಗ್ಲಿ ಕಣವ್ವ. ಬಿಡು ಅಂದ್ರೆ ಬಿಡ್ತೀನಿ."

ಉಳಿದ ಹೊಸ ಸಾಮಾನು ಫ್ರಿಜ್ಜು. ಅದೂ ಹೋದರೆ ಮತ್ತೆ ಕಂಡವರ ಒಲೆಯೇ ಗತಿ. ದೊಡ್ಡತಾಯಮ್ಮ ಮೇಲೆ ಮಗನ ಪಕ್ಕದಲ್ಲೇ ನಿಂತಳು. ಶಿವನಂಜ ಫ್ರಿಜ್ಜಿಗೆ ಹಗ್ಗ ಬಿಗಿದ, ಗೋಡೆಗೆ ಕಾಲು ಒತ್ತಿಕೊಟ್ಟ, ಹಲ್ಲು ಕಚ್ಚಿ ಹಿಡಿದ. ಒಂದು ಮೆಟ್ಟಿಲು ಇಳಿಯಿತು. ಇನ್ನೊಂದು ಇಳಿಯಿತು. ಮತ್ತೂ ಒಂದು. ಒಂದು ಗೀರೂ ಇಲ್ಲ! ಅವ್ವನ ಕಣ್ಣಲ್ಲಿ ನೀರು ಬಂತು. ಹೆತ್ತಾಗಿನಿಂದ ಬೈದದ್ದೇ ಬೈದದ್ದು, ಇವತ್ತು ಮೊದಲ ಸಲ ಮಗನ ಮೇಲೆ ಹೆಮ್ಮೆ ಉಕ್ಕಿತು. ಬಾಯಿ ಮುಚ್ಕೊಂಡು ನಿಂತಿದ್ರೆ ಏನು ಹೋಗ್ತಿತ್ತು ಈ ಹೆಂಗಸಿಗೆ!

"ಜಾಣ ಬಿಡೋ ನನ್ ಮಗ!" ಅಂದಳು.

ಬಿಟ್ಟ.

ಆ ಸದ್ದಿಗೆ ಬೀದಿಯ ನಾಯಿಗಳೆಲ್ಲ ಬೊಗಳಿದವು. ಅವನು ಅಂಗೈ ಉಜ್ಜಿಕೊಂಡು ಹಲ್ಲುಬಿಟ್ಟ. "ಬಿಡು ಅಂದ್ಯಲ್ಲವ್ವ, ಬಿಟ್ಟೆ!"

ದೊಡ್ಡತಾಯಮ್ಮ ಪೊರಕೆಗೆ ಕೈ ಹಾಕಿದಳು. "ಥೂ ನಿನ್ನ! ನನ್ನ ಕಣ್ಣ ಮುಂದೆ ನಿಲ್ಬೇಡ ಹೋಗೋ!"

"ಆಗ್ಲಿ ಕಣವ್ವ," ಅಂತ ಸುತ್ತಿ ಬಂದು ಅವಳ ಬೆನ್ನ ಹಿಂದೆ ನಿಂತ. ಅವಳು ತಿರುಗಿದಳು, ಅವನೂ ತಿರುಗಿದ. ಅವಳು ಓಡಿದಳು, ಅವನೂ ಹಿಂದೆ ಓಡಿದ. ಮರುದಿನ ಅವಳು ಕಂಡವರ ಮನೆ ಒಲೆ ಮುಂದೆ ಸೌಟು ಹಿಡಿದು ನಿಂತಾಗಲೂ, ಅವ್ವನ ಬೆನ್ನ ಹಿಂದೆ ಶಿವನಂಜ ನಿಂತೇ ಇದ್ದ.